ಉಪ್ಪಿನಕಾಯಿ ಡಬ್ಬದಲ್ಲಿ ಬಂದ ಗಡ್ಡೆ: ಡಿಎನ್‌ಎ ನಕಲು ತಪ್ಪಿದ ಒಂದು ಪ್ರಕರಣ

ಆ ಗರ್ಭಕೋಶ ನಮ್ಮ ಲ್ಯಾಬಿಗೆ ಬಂದಿದ್ದು ಉಪ್ಪಿನಕಾಯಿ ಡಬ್ಬದಲ್ಲಿ. ಮೇಲಿನ ಚೀಟಿ ಪೂರ್ತಿ ಕಿತ್ತಿರಲಿಲ್ಲ, ಮಾವಿನಕಾಯಿ ಚಿತ್ರ ಅರ್ಧ ಉಳಿದಿತ್ತು. 2023ರ ಅಕ್ಟೋಬರ್ ತಿಂಗಳ ಒಂದು ಸೋಮವಾರ. ಆಪರೇಷನ್ ಆಗಿದ್ದು ಶನಿವಾರ ಮಧ್ಯಾಹ್ನ. ಡಬ್ಬದ ತಳದಲ್ಲಿ ಎರಡು ಬೆರಳಿನಷ್ಟು ಫಾರ್ಮಲಿನ್, ಅಂದರೆ ಮಾಂಸ ಕೆಡದ ಹಾಗೆ ಕಾಪಾಡುವ ದ್ರಾವಣ. ಅದರ ಮೇಲೆ ಇಡೀ ಗರ್ಭಕೋಶ, ಸೀಳದೆ ಹಾಗೇ ತುರುಕಿದ್ದರು. ಮುಚ್ಚಳ ತೆಗೆದ ಕೂಡಲೇ ಗೊತ್ತಾಯಿತು. ಹೊರಗೆ ಒಂದು ಪದರ ಗಟ್ಟಿಯಾಗಿದೆ, ಒಳಗೆಲ್ಲ ಮೆತ್ತಗೆ, ಬಣ್ಣ ಕೆಟ್ಟಿದೆ, ವಾಸನೆ ಬೇರೆ.

ಫಾರ್ಮಲಿನ್ ಮಾಂಸದೊಳಗೆ ಇಳಿಯುವುದು ಗಂಟೆಗೆ ಸುಮಾರು ಒಂದು ಮಿಲಿಮೀಟರ್. ಅದೂ ಶುರುವಿನಲ್ಲಿ ಮಾತ್ರ, ಆಮೇಲೆ ಇನ್ನೂ ನಿಧಾನ. ಅದಕ್ಕೇ ಗರ್ಭಕೋಶ ಹೊರಗೆ ತೆಗೆದ ಮೇಲೆ ಉದ್ದಕ್ಕೆ ಸೀಳಿ, ಅದರ ಹತ್ತು ಪಟ್ಟು ಫಾರ್ಮಲಿನ್‌ನಲ್ಲಿ ಮುಳುಗಿಸಿಡಬೇಕು. ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ಯಾವ ಆಸ್ಪತ್ರೆ ಅಂತ ಬರೆಯಲ್ಲ, ಬರೆದರೆ ಒಂದೆರಡಕ್ಕೆ ನಿಲ್ಲುವ ಪಟ್ಟಿಯೂ ಅಲ್ಲ. ಡಬ್ಬದ ಮಾತು ಮೊದಲೇ ಎತ್ತಿದ್ದು ಯಾಕೆ ಅಂದರೆ, ಆ ತಾಯಿಗೆ ಕೀಮೋ ಬೇಕೋ ಬೇಡವೋ ಅನ್ನುವ ಪ್ರಶ್ನೆ ಇದೊಂದು ಡಬ್ಬದಿಂದಾಗಿ ಒಂದು ತಿಂಗಳು ತೂಗಾಡಿತು.

ನಾನು ದಾವಣಗೆರೆಯಲ್ಲಿ ಪೆಥಾಲಜಿ ಡಾಕ್ಟರ್. ನಮ್ಮದು ರೋಗಿಗಳ ಮುಖ ನೋಡುವ ಕೆಲಸ ಅಲ್ಲ. ಅವರ ಮಾಂಸದ ಚೂರು ಸ್ಲೈಡಿನ ಮೇಲೆ ಬರುತ್ತದೆ, ನೋಡಿ ರಿಪೋರ್ಟು ಬರೆಯುತ್ತೇವೆ. ಈ ಪ್ರಕರಣದಲ್ಲಿ ಮಾತ್ರ ಮನೆಯವರನ್ನೂ ನೋಡಬೇಕಾಗಿ ಬಂತು. ಗುರುತು ಸಿಗಬಾರದು ಅಂತ ವಯಸ್ಸು, ಊರು ಸ್ವಲ್ಪ ಆಚೀಚೆ ಮಾಡಿದ್ದೇನೆ.

ಮೊದಲು ಆಗಿದ್ದು

ಜಗಳೂರು ಕಡೆಯ ಹಳ್ಳಿ. 52 ವರ್ಷ. ಮುಟ್ಟು ನಿಂತು ಮೂರು ವರ್ಷ ಕಳೆದಿತ್ತು. ಆಮೇಲೆ ಮತ್ತೆ ಬಟ್ಟೆಗೆ ರಕ್ತ ಕಾಣಿಸಿತು. ಉಷ್ಣ ಆಗಿದೆ ಅಂದುಕೊಂಡು ಆಕೆ ಎಳನೀರು, ಜೀರಿಗೆ ನೀರು ಕುಡಿದುಕೊಂಡು ಮೂರು ತಿಂಗಳು ತಳ್ಳಿದ್ದಾರೆ. ಕೊನೆಗೆ ಬಟ್ಟೆ ಒಗೆಯುವಾಗ ಸೊಸೆ ನೋಡಿ ಗಂಡನಿಗೆ ಹೇಳಿದಳು. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಬಂದರೂ ತೋರಿಸಲೇಬೇಕು. ಇದು ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಒಳಪದರ 17 ಮಿಲಿಮೀಟರ್ ದಪ್ಪ. ಈ ವಯಸ್ಸಿಗೆ ನಾಲ್ಕೈದು ದಾಟಬಾರದು. ಡಿ ಆ್ಯಂಡ್ ಸಿ ಮಾಡಿ ಕೆರೆದು ತೆಗೆದ ಚೂರನ್ನು ಬೇರೆ ಊರಿನ ಒಂದು ಲ್ಯಾಬಿಗೆ ಕಳಿಸಿದರು. ಕ್ಯಾನ್ಸರ್ ಅಂತ ಬಂತು, ಜೋರಿನದು ಅಂತಲೂ ಬಂತು. ಮೂರು ವಾರದಲ್ಲಿ ಗರ್ಭಕೋಶ, ಅಂಡಾಶಯ, ಪಕ್ಕದ ಕೆಲವು ದುಗ್ಧ ಗ್ರಂಥಿಗಳನ್ನು ತೆಗೆದರು. ಅದೇ ನನ್ನ ಹತ್ತಿರ ಬಂದ ಡಬ್ಬ.

ಒಂದು ವಿಷಯ ನನಗೆ ಆಗಲೇ ಸ್ವಲ್ಪ ವಿಚಿತ್ರ ಅನ್ನಿಸಿತ್ತು. ಗರ್ಭಕೋಶದ ಒಳಪದರದ ಕ್ಯಾನ್ಸರ್ ಜಾಸ್ತಿ ಕಾಣುವುದು ಮೈ ತುಂಬಿಕೊಂಡವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ. ಕೊಬ್ಬು ಈಸ್ಟ್ರೋಜನ್ ಅನ್ನುವ ಹಾರ್ಮೋನ್ ತಯಾರಿಸುತ್ತದೆ, ಅದು ಒಳಪದರವನ್ನು ಬೆಳೆಸುತ್ತಲೇ ಇರುತ್ತದೆ. ಈಕೆ ನೋಡಿದರೆ ಹೊಲದಲ್ಲಿ ದುಡಿದ ಸಣಕಲು ಮೈ. ಶುಗರ್ ಇಲ್ಲ, ಬಿಪಿ ಇಲ್ಲ.

ಸ್ಲೈಡಿನಲ್ಲಿ ಕಂಡಿದ್ದು

ಮಾಂಸ ಕೆಟ್ಟಿದ್ದರೂ ಅಂಚಿನಲ್ಲಿ ಓದುವಷ್ಟು ಉಳಿದಿತ್ತು. ಗ್ರಂಥಿಯ ಆಕಾರವೇ ಇಲ್ಲ, ಮುಕ್ಕಾಲು ಭಾಗ ಗಟ್ಟಿ ಮುದ್ದೆ. ಅರ್ಧಕ್ಕಿಂತ ಜಾಸ್ತಿ ಹೀಗಿದ್ದರೆ ಗ್ರೇಡ್ 3, ಅಂದರೆ ಕೆಟ್ಟ ದರ್ಜೆ. ನಡುನಡುವೆ ಭಾರಿ ನ್ಯೂಕ್ಲಿಯಸ್‌ಗಳು, ಪಕ್ಕದ ಜೀವಕೋಶದ ನಾಲ್ಕೈದರಷ್ಟು. ಕೀ-67 ಅನ್ನುವ ಬಣ್ಣ ಹಾಕಿದರೆ ನೂರಕ್ಕೆ 70 ಜೀವಕೋಶ ಕಂದು ತಿರುಗಿದವು. ವಿಭಜನೆಯ ದಾರಿಯಲ್ಲಿರುವ ಜೀವಕೋಶಗಳಷ್ಟೇ ಆ ಬಣ್ಣ ಹಿಡಿಯುತ್ತವೆ. ಸ್ನಾಯುವಿನೊಳಗೆ ಇಳಿದಿತ್ತು, ಅರ್ಧ ದಾಟಿರಲಿಲ್ಲ. ದುಗ್ಧ ಗ್ರಂಥಿಗಳಲ್ಲಿ ಏನೂ ಇಲ್ಲ.

ಇನ್ನೊಂದು ಇತ್ತು. ಗಡ್ಡೆಯ ಸುತ್ತ, ಗಡ್ಡೆಯ ಒಳಗೂ, ಲಿಂಫೋಸೈಟ್‌ಗಳ ಜಾತ್ರೆ. ದೇಹದ ಕಾವಲಿನ ಬಿಳಿ ರಕ್ತಕಣಗಳು ಇವು. ದುಗ್ಗಮ್ಮನ ಜಾತ್ರೆ ದಿನ ಗುಡಿ ಮುಂದೆ ಕಾಲಿಡಲು ಜಾಗ ಇರುತ್ತಾ? ಹಾಗಿತ್ತು.

ಆಮೇಲೆ ಪಿ53 ಬಣ್ಣ. ಈ ಪ್ರೋಟೀನ್ ಕೆಟ್ಟಿದ್ದರೆ ಒಳಪದರದ ಕ್ಯಾನ್ಸರ್‌ಗಳಲ್ಲೇ ಅದು ಅತಿ ಕೆಟ್ಟ ಗುಂಪು. ಇಲ್ಲಿ ಗಡ್ಡೆಯ ಕಾಲು ಭಾಗ ಕಡು ಕಂದು, ಅಂದರೆ ಕೆಟ್ಟಿದೆ, ಉಳಿದ ಮುಕ್ಕಾಲು ಸರಿಯಾಗೇ ಇದೆ. ಡಿಎನ್‌ಎ ನಕಲಿನ ತಪ್ಪು ತಿದ್ದುವ ನಾಲ್ಕು ಪ್ರೋಟೀನ್‌ಗಳ ಪರೀಕ್ಷೆಯಲ್ಲಿ ನಾಲ್ಕೂ ಇದ್ದವು.

ಬರೀ ಇಷ್ಟನ್ನೇ ಹಿಡಿದುಕೊಂಡು ಹೊರಟರೆ ದಾರಿ ಒಂದೇ. ಗ್ರೇಡ್ 3, ಸ್ನಾಯುವಿಗೆ ಇಳಿದಿದೆ, ಪಿ53 ಅರೆಬರೆ ಕೆಟ್ಟಿದೆ. ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ ಫಿಗೋ 2023ರಲ್ಲಿ ಮಾಡಿದ ಹಂತಗಳ ಪ್ರಕಾರ 2ಸಿ. ಕ್ಯಾನ್ಸರ್ ಡಾಕ್ಟರ್ ಆಗಲೇ ಲೆಕ್ಕ ಹಾಕಿದ್ದರು: 27 ದಿನ ರೇಡಿಯೇಷನ್, ಅದರ ಜೊತೆ ಎರಡು ಕೀಮೋ, ಮುಗಿದ ಮೇಲೆ ಮತ್ತೆ ನಾಲ್ಕು. ನಮ್ಮ ಕಡೆ ರೇಡಿಯೇಷನ್‌ಗೆ ‘ಕರೆಂಟು ಕೊಡೋದು’ ಅಂತಾರೆ. ಊರಿನವರ ಪ್ರಕಾರ ಕರೆಂಟೂ ಕೀಮೋನೂ ಎರಡೂ ಬಿತ್ತು ಅಂದರೆ ಮನುಷ್ಯ ಅರ್ಧ ಹೋದ ಹಾಗೆ.

ನಾನು ರಿಪೋರ್ಟಿನ ಕೊನೆಗೆ ಒಂದು ಸಾಲು ಸೇರಿಸಿದೆ: ಪೋಲ್-ಇ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಕಿರ್ದಿ ಮತ್ತು ಖಾತೆ

ಎರಡು ದಿನ ಬಿಟ್ಟು ಮಗ ಬಂದ. ಎಪಿಎಂಸಿಯ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತ. ಮೆಕ್ಕೆಜೋಳದ ಸೀಸನ್ ಶುರುವಾಗಿತ್ತು, ಅಂಗಿ ಮೇಲೆಲ್ಲ ಜೋಳದ ಧೂಳು. ರಿಪೋರ್ಟಿನ ಕೊನೇ ಸಾಲಿಗೆ ಬೆರಳಿಟ್ಟು ಕೇಳಿದ.

“ಮೇಡಂ, ಈ ಪೋಲ್ ಟೆಸ್ಟ್ ಅಂದ್ರೆ ಏನ್ರಿ? ದುಡ್ಡು ಪೋಲು ಮಾಡೋದಾ?”

ನನಗೆ ನಗು ಬಂತು, ಅವನಿಗೆ ಬರಲಿಲ್ಲ. ತಿಂಗಳ ಸಂಬಳಕ್ಕಿಂತ ಜಾಸ್ತಿ ಖರ್ಚಿನ ಪರೀಕ್ಷೆ, ಕೈಯಿಂದಲೇ ಹಾಕಬೇಕು. ಕೇಳುವುದರಲ್ಲಿ ತಪ್ಪೇನಿಲ್ಲ. ಕೂರಿಸಿ ಹೇಳಿದೆ. ಅವನ ಕೆಲಸದ ಭಾಷೆಯಲ್ಲೇ ಹೇಳಬೇಕು ಅನ್ನಿಸಿತು.

ದಿನವಿಡೀ ನೀನು ಕಿರ್ದಿ ಬರೀತೀಯಾ, ಸಂಜೆ ಅದನ್ನ ಖಾತೆಗೆ ಇಳಿಸ್ತೀಯಾ ಅಲ್ವಾ? ನಮ್ಮ ಒಂದೊಂದು ಜೀವಕೋಶದೊಳಗೂ ಡಿಎನ್‌ಎ ಅನ್ನುವ ಅಂಥದೊಂದು ಪುಸ್ತಕ ಇದೆ. ಅಪ್ಪನ ಕಡೆಯದು, ಅವ್ವನ ಕಡೆಯದು ಸೇರಿದರೆ 600 ಕೋಟಿಗೂ ಜಾಸ್ತಿ ಅಕ್ಷರ. ಜೀವಕೋಶ ಎರಡಾಗುವ ಮುಂಚೆ ಅಷ್ಟನ್ನೂ ನಕಲು ಮಾಡಬೇಕು. ಹಿಡಿಯುವ ಹೊತ್ತು ಸುಮಾರು ಎಂಟು ಗಂಟೆ, ಹಳೇ ಕಾಟನ್ ಮಿಲ್ಲಿನ ಒಂದು ಶಿಫ್ಟು. ಒಬ್ಬನೇ ಕೂತು ಬರೆದರೆ ಮುಗಿಯಲ್ಲ ಅಂತ ಸಾವಿರಾರು ಜಾಗದಲ್ಲಿ ಒಟ್ಟಿಗೆ ಶುರುವಾಗುತ್ತದೆ.

ಒಂದೊಂದು ಜಾಗದಲ್ಲೂ ಒಂದು ತಂಡ. ಎಲ್ಲಿಂದ ಶುರು ಅಂತ ಗುರುತು ಹಾಕುವುದು ಓಆರ್‌ಸಿ. ಆ ಗುರುತಿಗೆ ಎಂಸಿಎಂ ಅನ್ನುವ ಆರು ತುಂಡಿನ ಬಳೆಯನ್ನು ಸಿಡಿಸಿ6, ಸಿಡಿಟಿ1 ತಂದು ತೊಡಿಸುತ್ತವೆ. ಹೊತ್ತು ಬಂದಾಗ ಅದೇ ಬಳೆ ಡಿಎನ್‌ಎಯ ಎರಡು ಎಳೆ ಬಿಡಿಸುತ್ತಾ ಮುಂದೆ ಹೋಗುತ್ತದೆ. ಬಿಚ್ಚಿದ ಒಂಟಿ ಎಳೆ ಸಿಕ್ಕಾಗದ ಹಾಗೆ ಆರ್‌ಪಿಎ ಹಿಡಿದುಕೊಳ್ಳುತ್ತದೆ. ಬರೆಯುವ ಗುಮಾಸ್ತರು ಮುಖ್ಯವಾಗಿ ಇಬ್ಬರು: ಪಾಲಿಮರೇಸ್ ಎಪ್ಸಿಲಾನ್ ಒಂದು ಎಳೆಗೆ, ಡೆಲ್ಟಾ ಇನ್ನೊಂದು ಎಳೆಗೆ. ಬರೆಯುತ್ತಾ ಜಾರಿ ಹೋಗದ ಹಾಗೆ ಪಿಸಿಎನ್‌ಎ ಅನ್ನುವ ಮೂರು ತುಂಡಿನ ಇನ್ನೊಂದು ಬಳೆ ಅವರನ್ನು ಎಳೆಗೆ ಕಟ್ಟಿ ಹಾಕುತ್ತದೆ. ಡಿಎನ್‌ಎ ಬರೆಯುವ ಪ್ರೋಟೀನ್ ಮೊದಲು ಸಿಕ್ಕಿದ್ದು ಬ್ಯಾಕ್ಟೀರಿಯಾದಲ್ಲಿ, ಆರ್ಥರ್ ಕಾರ್ನ್‌ಬರ್ಗ್‌ಗೆ, 1956ರಲ್ಲಿ. ಮೂರೇ ವರ್ಷಕ್ಕೆ ನೊಬೆಲ್ ಬಂತು.

“ತಪ್ಪಾಗಲ್ವೇನ್ರಿ?” ಅಂದ.

ಆಗುತ್ತೆ. ಬರೀ ಬರೆಯುವ ಕೈ ಒಂದೇ ಇದ್ದಿದ್ದರೆ ಹೆಚ್ಚುಕಮ್ಮಿ ಲಕ್ಷ ಅಕ್ಷರಕ್ಕೆ ಒಂದು ತಪ್ಪು. 600 ಕೋಟಿಯಲ್ಲಿ ಲೆಕ್ಕ ಹಾಕಿದರೆ ಪ್ರತಿ ಸಲ 60,000 ತಪ್ಪು! ಆದರೆ ಎಪ್ಸಿಲಾನ್‌ಗೂ ಡೆಲ್ಟಾಗೂ ಬರೆಯುವ ಕೈ ಜೊತೆಗೆ ಅಳಿಸುವ ಕೈಯೂ ಇದೆ. ತಪ್ಪು ಅಕ್ಷರ ಬಿದ್ದ ಕೂಡಲೇ ಎಳೆಯ ತುದಿ ಬರೆಯುವ ಜಾಗದಿಂದ ಪಕ್ಕದ ಸಂದಿಗೆ ಸರಿಯುತ್ತದೆ. ಅಲ್ಲಿ ಅದು ಕತ್ತರಿಸಿ ಹೋಗುತ್ತದೆ. ತುದಿ ವಾಪಸ್ ಬಂದು ಸರಿಯಾದ ಅಕ್ಷರ ಕೂರುತ್ತದೆ. ಇದರಿಂದ ತಪ್ಪು ನೂರು ಪಟ್ಟು ಕಡಿಮೆ. ಆಮೇಲೂ ಉಳಿದದ್ದನ್ನು ಹಿಂದೆ ಬರುವ ಬೇರೆ ತಂಡ ಹುಡುಕಿ ತಿದ್ದುತ್ತದೆ, ಮತ್ತೆ ನೂರು ಪಟ್ಟು ಕಡಿಮೆ. ನಾನು ಬಣ್ಣ ಹಾಕಿ ನೋಡಿದ ನಾಲ್ಕು ಪ್ರೋಟೀನ್ ಈ ಹಿಂದಿನ ತಂಡದವು. ಅದರ ಕೆಲಸ ಬಿಡಿಸಿ ತೋರಿಸಿದ ಪಾಲ್ ಮೋಡ್ರಿಚ್ 2015ರ ನೊಬೆಲ್ ಹಂಚಿಕೊಂಡವರಲ್ಲಿ ಒಬ್ಬರು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಅಂದ್ರೆ ಬರೆದ ತಕ್ಷಣ ನಾನೇ ಒಂದ್ಸಲ ನೋಡ್ಕಳದು. ಸಂಜಿಗೆ ಸಾವ್ಕಾರ್ರು ಇನ್ನೊಂದ್ಸಲ ತಾಳೆ ನೋಡದು” ಅಂದ. ಅದೇ. ನಾನು ಕ್ಲಾಸಿನಲ್ಲಿ ಅರ್ಧ ಗಂಟೆ ಹೇಳುವುದನ್ನು ಹುಡುಗ ಎರಡು ವಾಕ್ಯದಲ್ಲಿ ಮುಗಿಸಿದ.

“ಸೀಸನ್ನಾಗೆ ತಪ್ಪು ಜಾಸ್ತಿ ಆಗ್ತಾವ್ರಿ,” ಅಂತ ಅವನೇ ಸೇರಿಸಿದ. “ಗಾಡಿ ಮ್ಯಾಲೆ ಗಾಡಿ ಬರ್ತಾವು. ಬರಿಯಾಕೆ ಪುರ್ಸೊತ್ತೇ ಇರಲ್ಲ.”

ಇದು ನಾನು ಹೇಳದೇ ಇದ್ದ ಮಾತು. ಕ್ಯಾನ್ಸರಿನ ಎರಡನೇ ಕಥೆ ಇದರಲ್ಲೇ ಇದೆ. ಬಹಳಷ್ಟು ಗಡ್ಡೆಗಳಲ್ಲಿ ಬರೆಯುವ ಪ್ರೋಟೀನ್ ಸರಿಯಾಗೇ ಇರುತ್ತದೆ, ಆದರೆ ಅಂಗಡಿಗೆ ವರ್ಷವಿಡೀ ಸೀಸನ್. ಸೈಕ್ಲಿನ್-ಇ ಥರದ ದೂಡುವ ಪ್ರೋಟೀನ್ ಅತಿಯಾಗಿ, ತಯಾರಿ ಮುಗಿಯುವ ಮುಂಚೆಯೇ ನಕಲು ಶುರುವಾಗುತ್ತದೆ. ಅಕ್ಷರದ ಸಾಮಾನು ಸಾಲಲ್ಲ. ಬಳೆ ಅಲ್ಲಲ್ಲಿ ನಿಂತು ಬಿಡುತ್ತದೆ, ಒಂಟಿ ಎಳೆ ಉದ್ದವಾಗುತ್ತದೆ, ಕಾಯುತ್ತಾ ಕೂತ ಆರ್‌ಪಿಎ ಸಾಲದೆ ಹೋದರೆ ಎಳೆ ತುಂಡಾಗುತ್ತದೆ. ತುಂಡಾದ ವರ್ಣತಂತುಗಳು ಎಲ್ಲೆಲ್ಲಿಗೋ ಅಂಟಿಕೊಳ್ಳುತ್ತವೆ. ಪಿ53 ಕೆಟ್ಟ ಗಡ್ಡೆಗಳಲ್ಲಿ ನಮಗೆ ಕಾಣುವ ಅಲ್ಲೋಲಕಲ್ಲೋಲ ಹೆಚ್ಚಾಗಿ ಈ ಜಾತಿಯದು. ಎಂಸಿಎಂ ಬಳೆ ಇರುವುದೂ ಕೆಲಸದಲ್ಲಿರುವ ಜೀವಕೋಶಗಳಲ್ಲೇ. ಸುಮ್ಮನೆ ಮಲಗಿರುವ ಜೀವಕೋಶದಲ್ಲಿ ಅದು ಸಿಗಲ್ಲ, ಗಡ್ಡೆಯಲ್ಲಿ ಎತ್ತ ನೋಡಿದರೂ ಸಿಗುತ್ತದೆ. ಅದಕ್ಕೇ ಗರ್ಭಕಂಠದ ಪರೀಕ್ಷೆಯಲ್ಲಿ ಆ ಬಳೆಯ ಒಂದು ತುಂಡಾದ ಎಂಸಿಎಂ2ರ ಬಣ್ಣವನ್ನು ಬಳಸಿದವರಿದ್ದಾರೆ.

ನಮ್ಮ ತಾಯಿಯ ಗಡ್ಡೆ ಸೀಸನ್ನಿನ ಜಾತಿಯದೋ, ಅಳಿಸುವ ಕೈ ಹೋದ ಜಾತಿಯದೋ? ಪೋಲ್-ಇ ಅನ್ನುವುದು ಎಪ್ಸಿಲಾನ್ ಗುಮಾಸ್ತನನ್ನು ತಯಾರಿಸುವ ಜೀನಿನ ಹೆಸರು. ಪರೀಕ್ಷೆಯ ಪ್ರಶ್ನೆ ಇಷ್ಟೇ.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಈ ಪರೀಕ್ಷೆಯನ್ನು ಎಲ್ಲರಿಗೂ ಬರೆಯಬಾರದು. ಗ್ರೇಡ್ 1, ಮೇಲುಮೇಲಿನ ಗಡ್ಡೆ ಆದರೆ ಆಪರೇಷನ್ ಮುಗಿದ ಮೇಲೆ ಹೇಗೂ ಏನೂ ಕೊಡಲ್ಲ. ಅಲ್ಲಿ ಮಾಡಿಸಿದರೆ ಹುಡುಗ ಹೇಳಿದ ಹಾಗೆ ಪೋಲೇ. ಗ್ರೇಡ್ 3 ಬಂದಾಗ, ಮುಂದಿನ ಚಿಕಿತ್ಸೆ ಅದರ ಮೇಲೆ ನಿಂತಿದ್ದಾಗ ಬರೆಯದೇ ಇರುವುದು ತಪ್ಪು.

ಮೇಣದ ಬಿಲ್ಲೆ ತಂದ ಕಥೆ

ಅವನು ಒಪ್ಪಿದ. ಗಡ್ಡೆಯ ಬ್ಲಾಕು ಬೆಂಗಳೂರಿಗೆ ಹೋಯಿತು. ಬ್ಲಾಕು ಅಂದರೆ ಮಾಂಸವನ್ನು ಮೇಣದಲ್ಲಿ ಕೂರಿಸಿದ ಒಂದು ಬಿಲ್ಲೆ, ಬೆಂಕಿಪೆಟ್ಟಿಗೆಗಿಂತ ಸಣ್ಣದು. ಹತ್ತು ದಿನಕ್ಕೆ ಉತ್ತರ ಬಂತು: ಡಿಎನ್‌ಎ ಚೂರು ಚೂರಾಗಿದೆ, ಓದಲು ಆಗಲ್ಲ.

ಉಪ್ಪಿನಕಾಯಿ ಡಬ್ಬ ಸೇಡು ತೀರಿಸಿಕೊಂಡಿತ್ತು. ಸರಿಯಾಗಿ ಮುಳುಗದ ಮಾಂಸದಲ್ಲಿ ಜೀವಕೋಶದ್ದೇ ರಸ ಡಿಎನ್‌ಎಯನ್ನು ತಿಂದು ಹಾಕುತ್ತದೆ. ಹಳಸಿದ ಫಾರ್ಮಲಿನ್ ಆದರೆ ಅದರಲ್ಲಿ ಹುಟ್ಟಿಕೊಂಡ ಆಮ್ಲ ಉಳಿದದ್ದನ್ನು ಕತ್ತರಿಸುತ್ತದೆ. ಕ್ಯಾನ್ಸರ್ ಡಾಕ್ಟರ್ ಫೋನ್ ಮಾಡಿದರು. “ನಾನು ಕಾಯೋಕಾಗಲ್ಲ. ಆರರಿಂದ ಎಂಟು ವಾರದೊಳಗೆ ಶುರು ಮಾಡಬೇಕು. ಮೂರು ವಾರ ಆಗಲೇ ಹೋಯ್ತು.” ಅವರ ಮಾತು ಸರಿ.

ಆಗ ಹೊಳೆದಿದ್ದು ಡಿ ಆ್ಯಂಡ್ ಸಿ ಚೂರು. ಕೆರೆದು ತೆಗೆದದ್ದು ಸಣ್ಣದಾಗಿರುತ್ತದೆ, ಫಾರ್ಮಲಿನ್ ಬೇಗ ಒಳಗೆ ಇಳಿಯುತ್ತದೆ. ದೊಡ್ಡ ಗರ್ಭಕೋಶಕ್ಕಿಂತ ಅದರಲ್ಲಿ ಡಿಎನ್‌ಎ ಎಷ್ಟೋ ಚೆನ್ನಾಗಿ ಉಳಿಯುತ್ತದೆ. ಸುಲಭದ ದಾರಿ ಕಣ್ಣೆದುರೇ ಇತ್ತು. ಮೊದಲೇ ಇದನ್ನು ಕಳಿಸದೇ ಇದ್ದದ್ದು ನನ್ನ ತಪ್ಪು. ಡಬ್ಬ ಕಳಿಸಿದವರನ್ನು ಬೈಯುತ್ತಾ ಕೂತಿದ್ದೆ, ನನ್ನ ಕೈಯಲ್ಲಿದ್ದ ಕೆಲಸ ನಾನು ಮಾಡಿರಲಿಲ್ಲ.

ಅದರ ಬ್ಲಾಕು ಮೊದಲ ಲ್ಯಾಬಿನಲ್ಲಿತ್ತು. ಬ್ಲಾಕು ಅಂದರೆ ಮಾಂಸವನ್ನು ಮೇಣದಲ್ಲಿ ಕೂರಿಸಿದ ಒಂದು ಬಿಲ್ಲೆ, ಬೆಂಕಿಪೆಟ್ಟಿಗೆಗಿಂತ ಸಣ್ಣದು. ಅದನ್ನು ಬಿಟ್ಟುಕೊಡಲು ಯಾವ ಲ್ಯಾಬಿಗೂ ಮನಸ್ಸಿರಲ್ಲ. ಕಳೆದು ಹೋದರೆ ಜವಾಬ್ದಾರಿ ಯಾರದು? ಪತ್ರ ಬರೆದೆ, ಎರಡು ಸಲ ಫೋನ್ ಮಾಡಿದೆ, ಕೊನೆಗೆ ಮಗನೇ ಬಸ್ಸು ಹತ್ತಿ ಹೋಗಿ ಸಹಿ ಹಾಕಿ ತಂದ. ಬಿಸಿಲಿಗೆ ಮಾತ್ರ ಇಡಬೇಡ, ಮೇಣ ಮೆತ್ತಗಾಗುತ್ತೆ ಅಂತ ಹೇಳಿದ್ದೆ. ಅವನು ಸ್ಟೀಲ್ ಟಿಫಿನ್ ಬಾಕ್ಸಿನಲ್ಲಿ ಹತ್ತಿ ಹಾಸಿ, ನಡುವೆ ಬಿಲ್ಲೆ ಇಟ್ಟು, ಮಡಿಲಲ್ಲಿ ಇಟ್ಟುಕೊಂಡು ಬಂದಿದ್ದ. ಒಂದು ತೆಳು ಪದರ ಕತ್ತರಿಸಿ ನೋಡಿದೆ. ಅದೇ ಗಡ್ಡೆ, ಗೆರೆ ಗೆರೆ ಸ್ಪಷ್ಟ.

ಹನ್ನೆರಡು ದಿನಕ್ಕೆ ರಿಪೋರ್ಟು ಬಂತು.

286ನೇ ಜಾಗ

ಪಾಲಿಮರೇಸ್ ಎಪ್ಸಿಲಾನ್‌ನ ಮುಖ್ಯ ತುಂಡು 2,286 ಅಮೈನೋ ಆಮ್ಲಗಳ ಸರ, ಅಂದರೆ ಪ್ರೋಟೀನ್ ಕಟ್ಟುವ ಮಣಿಗಳ ಸರ. ಅದರಲ್ಲಿ 286ನೆಯದು ಪ್ರೋಲೀನ್ ಇರಬೇಕು. ಈ ಗಡ್ಡೆಯಲ್ಲಿ ಆರ್ಜಿನೀನ್ ಇತ್ತು. ಜೀನಿನಲ್ಲಿ ಆಗಿದ್ದು ಒಂದೇ ಅಕ್ಷರದ ವ್ಯತ್ಯಾಸ, ‘ಸಿ’ ಇರಬೇಕಾದ ಕಡೆ ‘ಜಿ’. ಪೋಲ್-ಇ ಕೆಟ್ಟ ಗಡ್ಡೆಗಳಲ್ಲಿ ಅತಿ ಹೆಚ್ಚು ಕಾಣುವ ಬದಲಾವಣೆ ಇದೇ.

ಪ್ರತಿ ಹತ್ತು ಲಕ್ಷ ಅಕ್ಷರಕ್ಕೆ 200ಕ್ಕೂ ಜಾಸ್ತಿ ತಪ್ಪುಗಳು ಅಂತ ಅದೇ ರಿಪೋರ್ಟಿನಲ್ಲಿತ್ತು. ಬಹುತೇಕ ಗಡ್ಡೆಗಳಲ್ಲಿ ಇದು ಒಂದಂಕಿ. ತಪ್ಪುಗಳಲ್ಲೂ ಒಂದು ಮಾದರಿ ಇರುತ್ತದೆ, ಎರಡು ‘ಟಿ’ಗಳ ನಡುವೆ ಕೂತ ‘ಸಿ’ ಪದೇ ಪದೇ ‘ಎ’ ಆಗಿರುತ್ತದೆ. ಬರಹ ನೋಡಿ ಯಾವ ಗುಮಾಸ್ತ ಬರೆದದ್ದು ಅಂತ ಹೇಳಬಹುದಲ್ಲ, ಹಾಗೆ.

ಈ ಆರ್ಜಿನೀನ್ ಮಾಡುವ ಕೆಲಸ ಬಹಳ ದಿನ ಎಲ್ಲರೂ ತಪ್ಪು ತಿಳಿದಿದ್ದರು. ಅಳಿಸುವ ಕೈ ಸತ್ತಿದೆ ಅಂತಷ್ಟೇ ಅಂದುಕೊಂಡಿದ್ದರು. ಆದರೆ ಯೀಸ್ಟಿನಲ್ಲಿ ಇದೇ ಬದಲಾವಣೆ ಮಾಡಿ ನೋಡಿದಾಗ, ಅಳಿಸುವ ಕೈ ಪೂರ್ತಿ ಕಿತ್ತ ಯೀಸ್ಟಿಗಿಂತಲೂ ಇದರಲ್ಲಿ ಎಷ್ಟೋ ಜಾಸ್ತಿ ತಪ್ಪು. ಆಕಾರ ಬಿಡಿಸಿ ನೋಡಿದ ಮೇಲೆ ಕಾರಣ ಸಿಕ್ಕಿತು. ಅಳಿಸುವ ಸಂದಿಗೆ ಹೋಗುವ ಬಾಗಿಲಲ್ಲೇ ಆರ್ಜಿನೀನ್ ಅಡ್ಡ ನಿಂತಿದೆ, ಗೋದಾಮಿನ ಬಾಗಿಲಿಗೆ ಹಮಾಲಿ ಚೀಲ ಇಟ್ಟು ಹೋದ ಹಾಗೆ. ಎಳೆಯ ತುದಿ ಒಳಗೆ ಹೋಗಲು ಆಗದೆ ವಾಪಸ್ ಬರೆಯುವ ಜಾಗಕ್ಕೇ ಬರುತ್ತದೆ. ಗುಮಾಸ್ತ ತಪ್ಪಿನ ಮೇಲೇ ಮುಂದುವರಿಸುತ್ತಾನೆ, ಅದೂ ಜೋರಾಗಿ.

ಇಷ್ಟು ತಪ್ಪು ತುಂಬಿದ ಗಡ್ಡೆ ಇನ್ನೂ ಭಯಂಕರ ಆಗಬೇಕಿತ್ತಲ್ಲ? ಎಲ್ಲರೂ ಕೇಳುವ ಪ್ರಶ್ನೆ. ಆಗುವುದು ಉಲ್ಟಾ. ತಪ್ಪು ಅಕ್ಷರದಿಂದ ತಪ್ಪು ಪ್ರೋಟೀನ್, ಸಾವಿರಗಟ್ಟಲೆ. ಅವು ಜೀವಕೋಶದ ಮೇಲೆ ಹೊಸ ಮುಖದ ಹಾಗೆ ಕಾಣಿಸಿಕೊಳ್ಳುತ್ತವೆ. ನಮ್ಮವನಲ್ಲ ಅಂತ ಕಾವಲಿನ ಕಣಗಳಿಗೆ ಗೊತ್ತಾಗುತ್ತದೆ. ಸ್ಲೈಡಿನಲ್ಲಿ ಕಂಡ ಲಿಂಫೋಸೈಟ್ ಜಾತ್ರೆ ಸೇರಿದ್ದು ಅದಕ್ಕೆ. ತಪ್ಪುಗಳ ಹೊರೆಗೇ ಆ ಜೀವಕೋಶಗಳು ಕುಸಿಯುತ್ತವೆ ಅನ್ನುವ ವಾದವೂ ಇದೆ. ನನಗೆ ಎರಡೂ ಸೇರಿ ಇರಬೇಕು ಅನ್ನಿಸುತ್ತದೆ.

2013ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಯೋಜನೆಯವರು 373 ಒಳಪದರದ ಗಡ್ಡೆ ಬಿಡಿಸಿ ನೋಡಿ ನಾಲ್ಕು ಗುಂಪು ಮಾಡಿದರು. ನೂರಕ್ಕೆ ಸುಮಾರು 7 ಈ ಪೋಲ್-ಇ ಗುಂಪಿನವು. ಆಮೇಲೆ ಪೋರ್ಟೆಕ್-3 ಅನ್ನುವ ದೊಡ್ಡ ಪ್ರಯೋಗದ ಗಡ್ಡೆಗಳನ್ನು ಇದೇ ಥರ ವಿಂಗಡಿಸಿ 2020ರಲ್ಲಿ ಫಲಿತಾಂಶ ಕೊಟ್ಟರು. ಐದು ವರ್ಷದ ಮೇಲೆ ಕಾಯಿಲೆ ಮರುಕಳಿಸದೆ ಇದ್ದವರು: ಪೋಲ್-ಇ ಗುಂಪಿನಲ್ಲಿ ನೂರಕ್ಕೆ 98, ಪಿ53 ಗುಂಪಿನಲ್ಲಿ ನೂರಕ್ಕೆ 48. ಸೂಕ್ಷ್ಮದರ್ಶಕದ ಕೆಳಗೆ ಎರಡೂ ಒಂದೇ ಥರ ಕೆಟ್ಟದಾಗಿ ಕಾಣಬಹುದು.

ನಮ್ಮ ಗಡ್ಡೆಯಲ್ಲಿ ಕಾಲು ಭಾಗ ಪಿ53 ಕೆಟ್ಟಿತ್ತಲ್ಲ? ಅದೂ ಈಗ ಅರ್ಥವಾಯಿತು. ಅಳಿಸುವ ಕೈ ಇಲ್ಲದ ಮೇಲೆ ಎಲ್ಲ ಜೀನಿನಲ್ಲೂ ತಪ್ಪು ಬೀಳುತ್ತದೆ, ಪಿ53 ಅದರಲ್ಲಿ ಒಂದು. ಆಮೇಲೆ ಬಂದ ತಪ್ಪು ಅದು, ಗಡ್ಡೆಯ ಒಂದು ಮೂಲೆಯಲ್ಲಿ ಮಾತ್ರ. ಇಂಥ ಗಡ್ಡೆಗಳು ಪೋಲ್-ಇ ಗುಂಪಿನ ಹಾಗೇ ನಡೆದುಕೊಳ್ಳುತ್ತವೆ. ಅದಕ್ಕೇ ವಿಂಗಡಿಸುವಾಗ ಮೊದಲು ಪೋಲ್-ಇ, ಆಮೇಲೆ ತಿದ್ದುವ ತಂಡ, ಕೊನೆಗೆ ಪಿ53 ಅಂತ ಕ್ರಮ ಇಟ್ಟಿದ್ದಾರೆ. ಕ್ರಮ ಉಲ್ಟಾ ಮಾಡಿದ್ದರೆ ಈ ತಾಯಿ ಅತಿ ಕೆಟ್ಟ ಗುಂಪಿಗೆ ಹೋಗುತ್ತಿದ್ದರು.

ಒಂದು ಎಚ್ಚರಿಕೆ. ರಿಪೋರ್ಟಿನಲ್ಲಿ ‘ಪೋಲ್-ಇ ಬದಲಾವಣೆ ಇದೆ’ ಅಂತ ಬಂದ ಕೂಡಲೇ ಕೀಮೋ ನಿಲ್ಲಿಸುವ ಹಾಗಿಲ್ಲ. ಆ ಜೀನು ಉದ್ದ, ಎಲ್ಲೆಲ್ಲೋ ಏನೇನೋ ಬದಲಾವಣೆ ಇರಬಹುದು. ಅಳಿಸುವ ಭಾಗದಲ್ಲಿ ಖಾತ್ರಿಯಾಗಿ ಕೆಡುಕು ಮಾಡುವವು ಅಂತ ಗುರುತಿಸಿದ್ದು 11. ನಮ್ಮದು ಅದರಲ್ಲಿ ಮೊದಲನೆಯದು.

ಬೇಡ ಅನ್ನುವ ತೀರ್ಮಾನ

ಹೊಸ ಫಿಗೋ ಲೆಕ್ಕದಲ್ಲಿ 2ಸಿ ಇದ್ದದ್ದು 1ಎ ಆಯಿತು. 2020ರ ಯುರೋಪಿನ ಮಾರ್ಗಸೂಚಿ ಪ್ರಕಾರ ಒಂದು, ಎರಡನೇ ಹಂತದ ಪೋಲ್-ಇ ಗಡ್ಡೆಗೆ ಆಪರೇಷನ್ ಆದ ಮೇಲೆ ಏನೂ ಕೊಡಬೇಕಾಗಿಲ್ಲ.

ರೇಡಿಯೇಷನ್ ಡಾಕ್ಟರ್‌ಗೆ ಇದು ಅಷ್ಟು ಸುಲಭಕ್ಕೆ ಒಪ್ಪಿಗೆಯಾಗಲಿಲ್ಲ. “ಪೋರ್ಟೆಕ್‌ನಲ್ಲಿ ಎಲ್ಲರಿಗೂ ರೇಡಿಯೇಷನ್ ಕೊಟ್ಟಿದ್ದರು. ಕೀಮೋ ಇದ್ದವರು ಇಲ್ಲದವರು ಅಂತಷ್ಟೇ ಹೋಲಿಸಿದ್ದು. ಏನೂ ಕೊಡದೆ ಬಿಡಿ ಅಂತ ಅದರಲ್ಲಿ ಎಲ್ಲಿದೆ?” ಅಂದರು. ಒಳ್ಳೆಯ ಪ್ರಶ್ನೆ. ಪೋಲ್-ಇ ಗುಂಪಿನಲ್ಲಿ ಕಾಯಿಲೆ ಮರುಕಳಿಸದೆ ಇದ್ದವರು ಕೀಮೋ ಸೇರಿದವರಲ್ಲಿ ನೂರಕ್ಕೆ 100, ಬರೀ ರೇಡಿಯೇಷನ್ ಆದವರಲ್ಲಿ 97, ಅಂದರೆ ಕೀಮೋ ಬೇಡ ಅನ್ನುವುದಕ್ಕೆ ಅಷ್ಟು ಸಾಕು. ರೇಡಿಯೇಷನ್ನೂ ಬೇಡ ಅನ್ನುವುದಕ್ಕೆ ಬೇರೆ ಬೇರೆ ಊರಿನ ಸಣ್ಣ ಸಣ್ಣ ಸರಣಿಗಳನ್ನು ಒಟ್ಟುಹಾಕಿ ನೋಡಿದ ಲೆಕ್ಕ ಇದೆ. ಅದರಲ್ಲಿ ಚಿಕಿತ್ಸೆ ತಗೊಂಡರೂ ತಗೊಳ್ಳದಿದ್ದರೂ ಫಲಿತಾಂಶ ಹೆಚ್ಚುಕಮ್ಮಿ ಒಂದೇ. ಬೆಂಗಳೂರಿನ ಒಬ್ಬ ಹಿರಿಯರನ್ನೂ ಫೋನಿನಲ್ಲಿ ಕೂರಿಸಿಕೊಂಡು ಮುಕ್ಕಾಲು ಗಂಟೆ ಚರ್ಚೆ ಆಯಿತು. ಕೊನೆಗೆ ಬಂದ ತೀರ್ಮಾನ: ಏನೂ ಬೇಡ, ಮೊದಲೆರಡು ವರ್ಷ ಮೂರು ತಿಂಗಳಿಗೊಮ್ಮೆ ತಪ್ಪದೆ ಬರಬೇಕು.

ಕೀಮೋ ಕೊಟ್ಟರೆ ಕಳೆದುಕೊಳ್ಳುವುದೇನು ಅಂತ ಕೆಲವರು ಕೇಳುತ್ತಾರೆ. ಸಿಸ್‌ಪ್ಲಾಟಿನ್, ಕಾರ್ಬೋಪ್ಲಾಟಿನ್ ಕೆಲಸ ಮಾಡುವುದು ಇದೇ ನಕಲಿನ ಜಾಗದಲ್ಲಿ. ಡಿಎನ್‌ಎಯ ಎಳೆಗೆ ಗಂಟು ಹಾಕಿ, ಬಳೆ ಮುಂದೆ ಹೋಗದಂತೆ ಮಾಡುತ್ತವೆ. ಗಡ್ಡೆಯ ಬಳೆ, ನಮ್ಮ ಬಳೆ ಅಂತ ಅದಕ್ಕೆ ಭೇದ ಇಲ್ಲ. ಮೂಳೆಯೊಳಗಿನ ಮಜ್ಜೆ, ಕರುಳು, ಕೂದಲಿನ ಬುಡ, ಎಲ್ಲೆಲ್ಲಿ ದಿನಾ ನಕಲು ನಡೆಯುತ್ತದೋ ಅಲ್ಲೆಲ್ಲ ಪೆಟ್ಟು. ಸಿಸ್‌ಪ್ಲಾಟಿನ್‌ನಿಂದ ಕಿವಿ, ಕಿಡ್ನಿಗೂ ತೊಂದರೆ. ಬೇಕಿದ್ದವರಿಗೆ ಕೊಡಲೇಬೇಕು, ಪಿ53 ಗುಂಪಿನಲ್ಲಿ ಕಾಯಿಲೆ ಮರುಕಳಿಸದೆ ಇದ್ದವರು ನೂರಕ್ಕೆ 36 ಇದ್ದದ್ದನ್ನು ಅದು 59ಕ್ಕೆ ಏರಿಸಿದೆ. ಬೇಡದವರಿಗೆ ಕೊಡುವುದು ಯಾವ ನ್ಯಾಯ?

ಮಗನಿಗೆ ಇನ್ನೊಂದು ಚಿಂತೆ ಇತ್ತು. ನಮಗೂ ಬರುತ್ತಾ? ತಂಗಿಗೆ? ಪೋಲ್-ಇ ತಪ್ಪು ಹುಟ್ಟಿನಿಂದಲೇ ಬರುವ ಕುಟುಂಬಗಳಿವೆ. 2013ರಲ್ಲಿ ಬ್ರಿಟನ್ನಿನ ತಂಡವೊಂದು ಅಂಥ ಮನೆತನಗಳನ್ನು ಗುರುತಿಸಿತು, ಅವರಲ್ಲಿ ದೊಡ್ಡಕರುಳಿನಲ್ಲಿ ಗಂಟುಗಳು, ಕ್ಯಾನ್ಸರ್. ಆದರೆ ಅವರಲ್ಲಿ ಕಂಡದ್ದು 424ನೇ ಜಾಗದ ಬದಲಾವಣೆ. 286ನೆಯದು ಬಹುತೇಕ ಗಡ್ಡೆಯಲ್ಲೇ ಹುಟ್ಟಿಕೊಂಡದ್ದಾಗಿರುತ್ತದೆ. ಖಾತ್ರಿಗೆ ತಾಯಿಯ ರಕ್ತ ಪರೀಕ್ಷೆ ಮಾಡಿಸಿದೆವು. ರಕ್ತದಲ್ಲಿ ಪ್ರೋಲೀನ್ ತನ್ನ ಜಾಗದಲ್ಲಿ ಸರಿಯಾಗಿ ಕೂತಿತ್ತು.

ಆಮೇಲೆ

ತಾಯಿಗೆ ಏನೂ ಬೇಡ ಅಂದದ್ದು ಖುಷಿಯೇ. ತೊಂದರೆ ಆಗಿದ್ದು ಮಗನಿಗೆ. ನೆಂಟರು ಒಬ್ಬೊಬ್ಬರಾಗಿ ಬಂದರು. ಕ್ಯಾನ್ಸರ್ ಅಂತೀಯಾ, ಕೀಮೋ ಯಾಕೆ ಕೊಡಿಸಲಿಲ್ಲ? ದೊಡ್ಡ ಟೆಸ್ಟು ಮಾಡಿಸಿ ದುಡ್ಡು ಮುಗಿಸಿಕೊಂಡೆಯಾ? ಸೋದರಮಾವ ಮಾತಿನ ಮಧ್ಯೆ, “ಅವ್ವನ್ನ ಸುಮ್ನೆ ಕೈಬಿಟ್ಟೆ ನೀನು” ಅಂತಲೂ ಅಂದುಬಿಟ್ಟರಂತೆ. ಅವನು ನನ್ನ ಹತ್ತಿರ ಬಂದು ಕೂತ. ಏನೂ ಕೇಳಲಿಲ್ಲ. ಚಹಾ ತರಿಸಿದೆ, ಅದನ್ನೂ ಕುಡಿಯಲಿಲ್ಲ.

ಪೆಥಾಲಜಿ ರಿಪೋರ್ಟು ಇಂಗ್ಲಿಷಿನಲ್ಲಿ ಬರೆಯುತ್ತೇವೆ. ಅವತ್ತು ನಮ್ಮ ಲೆಟರ್‌ಹೆಡ್ಡಿನ ಮೇಲೆ ಕನ್ನಡದಲ್ಲಿ ಅರ್ಧ ಪುಟ ಬರೆದುಕೊಟ್ಟೆ. ‘ಇವರ ಗಡ್ಡೆಯಲ್ಲಿ ನಕಲು ತಿದ್ದುವ ಒಂದು ಪ್ರೋಟೀನ್ ಕೆಟ್ಟಿದೆ. ಇಂಥ ಗಡ್ಡೆ ಆಪರೇಷನ್ ಆದ ಮೇಲೆ ಮರಳಿ ಬರುವುದು ಅಪರೂಪ. ಕೀಮೋ, ರೇಡಿಯೇಷನ್ ಕೊಟ್ಟರೆ ಇವರಿಗೆ ಲಾಭಕ್ಕಿಂತ ತೊಂದರೆ ಜಾಸ್ತಿ. ಕೊಡಬಾರದು ಅಂತ ಡಾಕ್ಟರುಗಳು ಸೇರಿ ತೀರ್ಮಾನ ಮಾಡಿದ್ದೇವೆ. ಮಗ ಮಾಡಿದ್ದಲ್ಲ.’ ಕೊನೇ ಸಾಲು ರಿಪೋರ್ಟಿಗೆ ಸೇರಿದ್ದಲ್ಲ, ಗೊತ್ತು. ಸಹಿ, ಸೀಲು ಹಾಕಿ ಕೊಟ್ಟೆ.

2025ರ ನವೆಂಬರಿಗೆ ಎರಡು ವರ್ಷ ಆಯಿತು. ಪ್ರತಿ ಸಲವೂ ಪರೀಕ್ಷೆ ಸರಿಯಾಗಿ ಬಂದಿದೆ. ಮೊನ್ನೆ ತಾಯಿ ಮಗ ಇಬ್ಬರೂ ಬಂದಿದ್ದರು. ತಾಯಿ ಸೀರೆ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಹಸಿ ಶೇಂಗಾ ನನ್ನ ಟೇಬಲ್ ಮೇಲೆ ಸುರಿದರು. ಮಗ ಫೈಲಿನಿಂದ ಹಳೇ ರಿಪೋರ್ಟುಗಳನ್ನು ತೆಗೆಯುವಾಗ ಆ ಕನ್ನಡದ ಹಾಳೆ ಕಂಡಿತು. ಲ್ಯಾಮಿನೇಷನ್ ಮಾಡಿಸಿದ್ದ. ಮೂಲೆಯಲ್ಲಿ ಒಂದು ತೂತು, ಅದರಲ್ಲಿ ದಾರ. ಮನೆಯಲ್ಲಿ ಕ್ಯಾಲೆಂಡರ್ ಪಕ್ಕ ಮೊಳೆಗೆ ಹಾಕಿರುತ್ತಾನಂತೆ, ಯಾರು ಬಂದರೂ ಓದಲಿ ಅಂತ.